ಕೊಟ್ಟೂರಿಗೆ ಹೋದರೆ ಮೂಕವಾಗುತ್ತಿದ್ದ ಲ್ಯಾಪ್‌ಟಾಪ್

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟರಲ್ಲಿ ಕನ್ನಡ ಬರೆಯಲು ಬಂತು, ಸಾಕಾಯಿತು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ರಿಪೇರಿ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತಿದ್ದೇನೆ. ಮೊದಲು ರೇಡಿಯೊ, ಟೇಪ್ ರೆಕಾರ್ಡರ್, ಆಮೇಲೆ ಟಿವಿ, ಕಂಪ್ಯೂಟರ್, ಕೊನೆಗೆ ಲ್ಯಾಪ್‌ಟಾಪ್. ಈಗ ಸೋಲ್ಡರಿಂಗ್ ಐರನ್ ಹಿಡಿದರೆ ಕೈ ನಡುಗುತ್ತದೆ. ಕೈ ನಡುಗುವವರು ಮದರ್‌ಬೋರ್ಡಿನ ಮುಂದೆ ಕೂರಬಾರದು, ಅದಕ್ಕೆ ಬಿಟ್ಟಿದ್ದೇನೆ. ದುಃಖವೇನೂ ಇಲ್ಲ. ಮಾಡಿದ ಕೆಲಸ ಚೆನ್ನಾಗಿ ಮಾಡಿದ್ದೇನೆ.

ಈಗ ಈ ಕೆಲಸ ಕಲಿಯಲು ಬರುವವರು "ಅಜ್ಜಿ, ಆವಾಗ ನೆಟ್ ಇದ್ದಿಲ್ಲಲ್ಲ, ಹೆಂಗ ಕಲಿತ್ರಿ?" ಎಂದು ಕೇಳುತ್ತಾರೆ. ಬೈಸಿಕೊಂಡು ಕಲಿತೆ. ಬೈದವರು ನನ್ನ ಗಂಡ ಖಾದರ್ ಸಾಬರು. ಮನೆಯಲ್ಲಿ ಗಂಡ, ಅಂಗಡಿಯಲ್ಲಿ ಉಸ್ತಾದ್. ಮೊದಮೊದಲು ನನ್ನನ್ನು ಪರದೆಯ ಹಿಂದೆ ಕೂರಿಸಿ ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತಲು ಹಚ್ಚಿದ್ದರು. ಒಂದು ದಿನ ಅವರು ಸಾಮಾನು ತರಲು ಹೊಸಪೇಟೆಗೆ ಹೋದಾಗ ಹೊಳಲಿನಿಂದ ಒಬ್ಬ ಗಿರಾಕಿ ರೇಡಿಯೊ ತಂದ. ಅಷ್ಟು ದೂರದಿಂದ ಬಂದವನನ್ನು ವಾಪಸ್ ಕಳಿಸುವುದು ಹೇಗೆ? ಹೊರಗೆ ಬಂದು ಬಿಚ್ಚಿದೆ, ಮುರಿದ ತಂತಿ ಬೆಸೆದೆ, ಹಾಡಿತು. ಸಂಜೆ ಇವರು ಬಂದು ಬೆಸೆದ ಜಾಗವನ್ನು ದೀಪದ ಕೆಳಗೆ ಹಿಡಿದು ನೋಡಿದರು. "ಸೀಸ ಜಾಸ್ತಿ ಹಾಕೀದಿ," ಎಂದರು. ಹೊಗಳಿದ್ದು ಅಷ್ಟೇ. ಮರುದಿನ ನಾನು ಆ ಪರದೆಯನ್ನು ಹರಿದು ಸೆಟ್ ಒರೆಸುವ ಬಟ್ಟೆ ಮಾಡಿಕೊಂಡೆ. ಅವರೂ ಅದರಿಂದಲೇ ಸೆಟ್ ಒರೆಸತೊಡಗಿದರು.

ನಮ್ಮ ಮನೆಮಾತು ಉರ್ದು. ಅಂಗಡಿಯಲ್ಲಿ ಮಾತ್ರ ನಾವು ನಾವೇ ಮಾತಾಡುವಾಗಲೂ ಕನ್ನಡ. ಗಿರಾಕಿಯ ಎದುರು ಗಿರಾಕಿಗೆ ತಿಳಿಯದ ಮಾತಾಡಿದರೆ ಅವನಿಗೆ ಅನುಮಾನ ಬರುತ್ತದೆ ಎಂದು ಇವರು ಹೇಳುತ್ತಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ರಿಪೇರಿ ಮುಗಿದ ಮೇಲೆ ಗಿರಾಕಿಯೇ ಕೈಯಾರೆ ಬಟನ್ ತಿರುಗಿಸಿ ಕೇಳಿ "ಆತು" ಎನ್ನಬೇಕು. ಅವನ ಬಾಯಿಂದ ಆ ಮಾತು ಬರುವ ತನಕ ಕೆಲಸ ಮುಗಿದ ಹಾಗಲ್ಲ. ಈಗಲೂ ಹಾಗೆಯೇ ನಡೆಯುತ್ತಿದೆ.

ಟಿವಿ ಬಂದ ಮೇಲೆ ಕೆಲಸಕ್ಕೆ ಹೆದರಿಕೆ ಸೇರಿತು. ಹಳೆಯ ಡಬ್ಬಿ ಟಿವಿಯ ಪಿಕ್ಚರ್ ಟ್ಯೂಬು ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದುಕೊಂಡಿರುತ್ತದೆ. ಒಮ್ಮೆ ಇವರು ಗಿರಾಕಿಯ ಹತ್ತಿರ ಹರಟೆ ಹೊಡೆಯುತ್ತಾ, ಬಂದ್ ಆಗಿದೆಯಲ್ಲ ಎಂದು ಕೈ ಹಾಕಿದರು. ಹಿಂದಿನ ಗೋಡೆಗೆ ಹೋಗಿ ಬಿದ್ದರು. ಎದ್ದವರು ಮೊದಲು ಟ್ಯೂಬು ಒಡೆದಿದೆಯೇ ಎಂದು ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಅವತ್ತಿನಿಂದ ಅಂಗಡಿಗೆ ಒಂದು ಕಾನೂನು ಬಂತು: ಇಳಿಸಿ ಮುಟ್ಟು. ಯಾವ ಸೆಟ್ ಬರಲಿ, ಮೊದಲು ಒಳಗೆ ಉಳಿದ ಕರೆಂಟನ್ನು ಇಳಿಸಬೇಕು, ಆಮೇಲೆ ಬೆರಳು. ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸೆಟ್ಟಿನ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಟ್ಯೂಬಿನ ರಬ್ಬರ್ ಟೋಪಿಯ ಕೆಳಗೆ ತೂರಿಸಿದರೆ ಚಟ್ ಎನ್ನುತ್ತಿತ್ತು. ನನ್ನ ಮಗ ಇಮ್ತಿಯಾಜ್ ಆ ಸದ್ದು ಕೇಳುತ್ತಲೇ ಬೆಳೆದ.

ಲ್ಯಾಪ್‌ಟಾಪ್ ಬಂದಾಗಲೂ ನಾವು ಇದೇ ಕಾನೂನು ನಡೆಸಿದೆವು. ಚಾರ್ಜರ್ ಕೀಳು, ಬ್ಯಾಟರಿ ತೆಗಿ, ಆನ್ ಮಾಡುವ ಗುಂಡಿಯನ್ನು ಒತ್ತಿ ಹಿಡಿ. ಒಳಗೆ ಉಳಿದ ಅಷ್ಟಿಷ್ಟು ಕರೆಂಟೂ ಇಳಿದುಹೋಗುತ್ತದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ನಮ್ಮ ಮೇಜಿನ ಮೇಲೆ ಅವನ ಬ್ಯಾಟರಿ ಬಿದ್ದಿರುತ್ತಿತ್ತು. ಬೇರೆ ಅಂಗಡಿಗಳಲ್ಲಿ ಬೋರ್ಡ್ ಸುಟ್ಟ ಸುದ್ದಿ ಕೇಳುತ್ತಿದ್ದೆವು, ನಮ್ಮಲ್ಲಿ ಒಂದೂ ಸುಟ್ಟಿಲ್ಲ. ಆ ಕಾನೂನೇ ಒಮ್ಮೆ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿತು. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಡ್ರೈವರ್ ಎಂದರೇನು ಎಂದು ಹೇಳಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ.

ಲ್ಯಾಪ್‌ಟಾಪಿನೊಳಗೆ ಸದ್ದಿಗೆ ಒಂದು ಚಿಪ್, ವೈಫೈಗೆ ಒಂದು, ಕ್ಯಾಮೆರಾಕ್ಕೆ ಒಂದು ಇರುತ್ತದೆ. ಆ ಚಿಪ್ಪನ್ನು ಹೇಗೆ ದುಡಿಸಿಕೊಳ್ಳಬೇಕು ಎಂದು ಯಂತ್ರಕ್ಕೆ ತಿಳಿಸಿಕೊಡುವ ಸಣ್ಣ ಪ್ರೋಗ್ರಾಮೇ ಡ್ರೈವರ್. ಅದು ಇಲ್ಲದಿದ್ದರೆ ಚಿಪ್ ಗಟ್ಟಿಮುಟ್ಟಾಗಿದ್ದೂ ಸುಮ್ಮನೆ ಕೂತಿರುತ್ತದೆ. ಇದನ್ನು ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಕೂತು ಹೇಳುವುದು ಕಷ್ಟ. ಒಬ್ಬ ಕಂಡಕ್ಟರನ ಕಂಪ್ಯೂಟರಿಗೆ ಡ್ರೈವರ್ ಇಲ್ಲ ಎಂದರೆ ಅವನು ಬಸ್ಸಿನ ಕಡೆ ಕೈ ತೋರಿಸಿ, "ನಮ್ಮಾತ ಖಾಲಿ ಕುಂತಾನ, ಕಳಸ್ಲೇನಮ್ಮಾ?" ಎಂದ.

"ನಿಮ್ಮಾತನ್ನ ಕೂಡ್ಸಾಕ ಇದರಾಗ ಜಾಗ ಇಲ್ಲ. ನಾನ ಹುಡುಕ್ತೀನಿ, ನೀ ಸೀಟಿ ಊದು ಹೋಗು," ಎಂದೆ.

ಹುಡುಕುವುದೇ ಕೆಲಸ ಆವಾಗ. ನೆಟ್ ಇಲ್ಲ. ಹಳೆಯ ಡ್ರೈವರ್ ಸಿಡಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಮೊಳೆಗೆ ತೂಗುಹಾಕಿದ್ದೆವು. ಗಾಳಿಗೆ ತಿರುಗುತ್ತಾ ಗಿರಾಕಿಗಳ ಮುಖಕ್ಕೆ ಬೆಳಕು ಬಿಡುತ್ತಿದ್ದವು. ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ನಂಬರ್ ಓದಬೇಕು, ಸಿಡಿಯ ಮೇಲಿನದಕ್ಕೆ ಹೊಂದಿಸಬೇಕು. ಇಂಗ್ಲಿಷ್ ನನಗೆ ಇಂದಿಗೂ ಬರುವುದಿಲ್ಲ. ಅಕ್ಷರಗಳನ್ನು ಆಕಾರದಿಂದ ಗುರುತು ಹಿಡಿಯುತ್ತೇನೆ. ಅಕ್ಕಿ ಆರಿಸುವಾಗ ಯಾರಾದರೂ ಕಲ್ಲಿನ ಮೇಲೆ ಹೆಸರು ಓದುತ್ತಾರೆಯೇ? ಇವರು ಕಂಪ್ಯೂಟರಿಗೆ ಹೆದರಿ ಹಿಂದೆ ಸರಿದರು, ನಾನು ಇಮ್ತಿಯಾಜ್ ಪಕ್ಕ ಕೂತೆ. ಓದುವುದು ಅವನು, ಕೈ ನನ್ನದು.

ನೆಟ್ ಬಂದ ಮೇಲೆ ಬೇರೆ ಫಜೀತಿ. ಹರಪನಹಳ್ಳಿಯ ಫೋಟೊ ಸ್ಟುಡಿಯೊದವನೊಬ್ಬ ಲ್ಯಾಪ್‌ಟಾಪ್ ತಂದ. ಯಾರೋ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದಾರೆ, ವೈಫೈ ಡ್ರೈವರ್ ಹಾಕಿಲ್ಲ. ಡ್ರೈವರ್ ನೆಟ್ಟಿನಲ್ಲಿದೆ. ನೆಟ್ ಬರಬೇಕಾದರೆ ವೈಫೈ ಬೇಕು. ವೈಫೈ ಬರಬೇಕಾದರೆ ಡ್ರೈವರ್ ಬೇಕು. ಇಮ್ತಿಯಾಜ್ ಅದರ ಸುತ್ತಲೇ ಗಾಣದೆತ್ತಿನ ಹಾಗೆ ತಿರುಗುತ್ತಿದ್ದ. ನಾನು ಸ್ಟುಡಿಯೊದವನ ಫೋನ್ ಇಸಕೊಂಡು, ಅವನ ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, "ಇದರಾಗಿನ ನೆಟ್ ವೈರ್‌ನಾಗ ಬರತೈತೇನು ನೋಡು," ಎಂದೆ. ಇಮ್ತಿಯಾಜ್ ಫೋನಿನಲ್ಲಿ ಒಂದು ಕಡೆ ಒತ್ತಿದ, ನೆಟ್ ಬಂತು.

"ಅಮ್ಮೀ, ಇದು ಹೆಂಗ ಹೊಳೀತು?"

"ನಳ ಬಂದಾದ್ರ ಪಕ್ಕದ ಮನಿಯಿಂದ ಕೊಡದಾಗ ತರಂಗಿಲ್ಲೇನು?"

ಇವತ್ತಿಗೂ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ.

ಹಗರಿಬೊಮ್ಮನಹಳ್ಳಿಯಿಂದ ಒಬ್ಬ ವಕೀಲರು ಬರುತ್ತಿದ್ದರು. ಅವರು ರೋಗದ ಹೆಸರನ್ನೂ ತಾವೇ ಹೇಳಿ, ಔಷಧಿಯನ್ನೂ ತಾವೇ ಹೇಳಿ, ಬೆರಳಷ್ಟೇ ನಿಮ್ಮದು ಎನ್ನುವವರು. ಒಮ್ಮೆ ತೆರೆಯ ಮೇಲಿನ ಬಾಣ ಅಲುಗಾಡುತ್ತಿಲ್ಲ, ಟಚ್‌ಪ್ಯಾಡಿನ ಡ್ರೈವರ್ ಹೋಗಿದೆ, ಹೊಸದು ಹಾಕಿರಿ ಎಂದು ಅಪ್ಪಣೆ ಮಾಡಿದರು. ಟಚ್‌ಪ್ಯಾಡನ್ನು ಬಂದ್ ಮಾಡುವ ಕೀಲಿ ಮೇಲಿನ ಸಾಲಿನಲ್ಲೇ ಇರುತ್ತದೆ. ಒಂದು ಸಲ ಒತ್ತಿದೆ, ಬಾಣ ಓಡಿತು.

"ಇಷ್ಟೇನಾ?" ಎಂದರು. ಮುಖ ಸಣ್ಣಗಾಯಿತು.

"ಇಷ್ಟ. ಮನ್ಯಾಗ ಸಣ್ಣ ಹುಡುಗ್ರು ಅದಾರೇನ್ರಿ?"

"ಮೊಮ್ಮಗಳು ಅದಾಳ."

"ಆಕಿಗೆ ಹೇಳ್ರಿ, ಭಾಳ ಚಲೋ ಬಂದ್ ಮಾಡ್ಯಾಳ ಅಂತ."

ಗಿರಾಕಿ ಹೇಳಿದ ರೋಗದ ಹೆಸರನ್ನು ನಂಬಬೇಡಿ, ಏನು ಮಾಡಿದಾಗ ಏನಾಯಿತು ಎಂದು ಕೇಳಿ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ನಾವೇ ಗೌತಮಿಯ ಲ್ಯಾಪ್‌ಟಾಪ್ ಬಂದಾಗ ಅವಳನ್ನು ಕೇಳಲಿಲ್ಲ.

ಗೌತಮಿ ಕೊಟ್ಟೂರಿನವಳು. ಹುಟ್ಟಿನಿಂದ ಕಣ್ಣು ಕಾಣದು. ದಿನಾ ಬಸ್ಸಿನಲ್ಲಿ ಕೂಡ್ಲಿಗಿಗೆ ಬಂದು ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದಳು. ಅವಳ ಲ್ಯಾಪ್‌ಟಾಪ್ ತೆರೆಯ ಮೇಲಿದ್ದದ್ದನ್ನು ಓದಿ ಹೇಳುತ್ತದೆ. ಅವಳು ಕೇಳಿಕೊಂಡು ಕೀಲಿ ಒತ್ತುತ್ತಾಳೆ. ಅದು ಓದುವ ವೇಗ ಕೇಳಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಇರುತ್ತದೆ, ನಮಗೆ ಒಂದು ಶಬ್ದವೂ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ.

ಆ ಲ್ಯಾಪ್‌ಟಾಪಿನಲ್ಲಿ ಎರಡು ಸಿಸ್ಟಮ್ ಇದ್ದವು, ಒಂದು ವಿಂಡೋಸ್, ಇನ್ನೊಂದು ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕು ಎಂದು ಎರಡು ಸಾಲು ಬರುತ್ತವೆ, ಒಂದನ್ನು ಆರಿಸಬೇಕು. ಹಗಲಿಗೆ ಕಚೇರಿ ಕೆಲಸಕ್ಕೆ ಅವಳಿಗೆ ವಿಂಡೋಸ್. ಸಂಜೆ ಮನೆಯಲ್ಲಿ ಲಿನಕ್ಸ್. ಅವಳಿಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ಲಿನಕ್ಸ್ ಕಡೆ ಒಂದು ಅನುಕೂಲ ಮಾಡಿಕೊಟ್ಟಿದ್ದರು. ಕನ್ನಡ ಪುಸ್ತಕದ ಹಾಳೆಯನ್ನು ಸ್ಕ್ಯಾನರಿನ ಮೇಲೆ ಇಟ್ಟರೆ ಓದಿ ಹೇಳುತ್ತದೆ. ಅವಳ ಕೆಲಸ ಕಾಯಂ ಆಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆಯ ಪುಸ್ತಕಗಳನ್ನೆಲ್ಲ ಓದುತ್ತಿದ್ದದ್ದು ಆ ಕಡೆ. ಆ ಕಡೆಯೇ ಸದ್ದು ನಿಂತುಹೋಯಿತು.

"ಅಮ್ಮಾರ, ನನ್ನ ಲ್ಯಾಪ್‌ಟಾಪ್ ಮಾತು ಬಿಟ್ಟೈತ್ರಿ," ಎನ್ನುತ್ತಾ ಬಂದಳು.

"ಪೂರಾ ಬಿಟ್ಟೈತೇನು?"

"ಲಿನಕ್ಸ್ ಕಡೆ ಅಷ್ಟ. ನಮ್ಮಣ್ಣ ಫೋಟೊ ಹೊಡದು ಕೊಟ್ಟಾನ, ನೋಡ್ರಿ."

ಅಣ್ಣ ತೆರೆಯ ಫೋಟೊ ತೆಗೆದುಕೊಟ್ಟಿದ್ದ. ಸೌಂಡ್ ಕಾರ್ಡಿನ ಹೆಸರು ಇರಬೇಕಾದ ಜಾಗದಲ್ಲಿ 'ಡಮ್ಮಿ' ಎಂದಿತ್ತು. ಅಂದರೆ ಸಿಸ್ಟಮ್ಮಿಗೆ ಸದ್ದಿನ ಚಿಪ್ಪೇ ಸಿಕ್ಕಿಲ್ಲ. ಡ್ರೈವರ್ ಹೋಗಿದೆ ಎಂದು ಯಾರಾದರೂ ಹೇಳುತ್ತಾರೆ. ನಾವೂ ಹೇಳಿದೆವು. ಇಮ್ತಿಯಾಜ್ ಅಷ್ಟರಲ್ಲಿ ಬ್ಯಾಟರಿ ತೆಗೆದು, ಗುಂಡಿ ಒತ್ತಿ ಹಿಡಿದು, ಕರೆಂಟ್ ಇಳಿಸಿಯಾಗಿತ್ತು. ನೇರ ಹೊಸ ಡ್ರೈವರ್ ಹಾಕಿದ. ಲ್ಯಾಪ್‌ಟಾಪ್ ಸಾಸಿವೆ ಸಿಡಿಸಿತು. ಗೌತಮಿ ಒತ್ತಿ ನೋಡಿ, ನಕ್ಕು, "ಆತ್ರಿ" ಎಂದಳು.

ಎರಡು ದಿನಕ್ಕೆ ವಾಪಸ್ ಬಂತು. ಅದೇ ಮೂಕ. ಇವನು ಮತ್ತೆ ಇಳಿಸಿದ, ಮತ್ತೆ ಹಾಕಿದ. ಸ್ಪೀಕರಿನ ತಂತಿಯನ್ನೂ ಬಿಗಿ ಮಾಡಿದ. ಮಾತಾಡಿತು. "ಆತ್ರಿ" ಎಂದಳು. ಮತ್ತೆ ವಾಪಸ್. ನಮ್ಮ ಅಂಗಡಿಯಿಂದ ಹೋದ ಸೆಟ್ ಮೂರನೆಯ ಸಲ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಮೂರನೆಯ ಸಲ ಇಮ್ತಿಯಾಜ್ ಬ್ಯಾಟರಿ ತೆಗೆದು ಹಾಕಿ, ಇನ್ನೂ ಏನೂ ಮಾಡದೆ ಸುಮ್ಮನೆ ಆನ್ ಮಾಡಿದ. ಲಿನಕ್ಸ್ ಕಡೆ ಅದು ಸರಾಗ ಮಾತಾಡಿತು.

"ಅಮ್ಮೀ, ಇದು ನಮ್ಮ ಅಂಗಡ್ಯಾಗ ಮಾತಾಡತೈತಿ, ಕೊಟ್ಟೂರಿಗೆ ಹೋದ್ರ ಬಾಯಿ ಮುಚ್ಚತೈತಿ. ಊರು ಬದಲಾದ್ರ ಡ್ರೈವರ್ ಹೋಗತೈತೇನು?" ಎಂದು ತಲೆ ಕೆರೆದುಕೊಂಡ. ಆಮೇಲೆ ಗೌತಮಿಗೆ, "ಎರಡೆರಡು ಇಡೋದ ಬ್ಯಾಡ ತಂಗಿ. ಲಿನಕ್ಸ್ ತಗದು ಹಾಕ್ತೀನಿ. ಒಂದ ಇಟ್ಕೋ, ತಲಿಬ್ಯಾನಿ ಹೋಗತೈತಿ," ಎಂದ.

"ತಗದ್ರ ನನ್ನ ಪುಸ್ತಕ ಯಾರು ಓದ್ತಾರ್ರಿ?"

"ಅಣ್ಣ ಅದಾನಲ್ಲ?"

"ಅದಾನ. ಬ್ಯಾಸರಾದ್ರ ಪುಟ ಹಾರಿಸ್ತಾನ. ನನಗ ಗೊತ್ತಾಗಂಗಿಲ್ಲ ಅಂದ್ಕೊಂಡಾನ." ಅವಳು ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು, ಇವನು ಕಸಿದುಕೊಳ್ಳುತ್ತಾನೆ ಎನ್ನುವ ಹಾಗೆ. "ಇದು ಹಾರ್ಸಂಗಿಲ್ರಿ. ಪರೀಕ್ಷೆ ಹತ್ರ ಬಂತು. ನಾನ ಓದಿ ಬರೀಬೇಕು, ಇಲ್ಲಾಂದ್ರ ಈ ವರ್ಷ ಕುಂದ್ರಂಗಿಲ್ಲ."

ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಅವಳ ಆ ಗುಣ ನನಗೆ ಹಿಡಿಸಿತು. ಒಂದು ಸಿಸ್ಟಮ್ ಅಳಿಸಿಹಾಕಿ ಕೆಟ್ಟದ್ದು ಸರಿಯಾಯಿತು ಎನ್ನುವುದು ನನಗೆ ಹಿಡಿಸುವುದಿಲ್ಲ. ಹಲ್ಲು ನೋವು ಎಂದು ಬಂದವರ ದವಡೆ ತೆಗೆದು ಕಳಿಸಿದ ಹಾಗಾಗುತ್ತದೆ.

"ಲೇ ಇಮ್ತಿಯಾಜ್, ಅದನ್ನ ಮುಚ್ಚಿ ಚೀಲದಾಗ ಇಡು. ಈಕಿ ನಾಳಿ ಕಚೇರ್ಯಾಗ ದಿನದಂಗ ಕೆಲಸ ಮಾಡ್ಲಿ. ಸಂಜಿಕ ನಾನು ಈಕಿ ಜೊತಿ ಕೊಟ್ಟೂರಿಗೆ ಹೋಗ್ತೀನಿ."

"ನೀನು ಹೋಗಿ ಏನ್ ಮಾಡ್ತಿ ಅಮ್ಮೀ?"

"ಏನೂ ಮಾಡಂಗಿಲ್ಲ. ನೋಡ್ತೀನಿ."

ಮರುದಿನ ಸಂಜೆ ಒಂದೇ ಸೀಟಿನಲ್ಲಿ ಕೂತು ಹೋದೆವು. ಲ್ಯಾಪ್‌ಟಾಪನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ನಾನು ಮುಟ್ಟಲಿಲ್ಲ. ದಾರಿಯಲ್ಲಿ ಕೇಳಿದೆ, "ಆನ್ ಮಾಡಿದಾಗ ಎರಡು ಸಾಲು ಬರ್ತಾವಲ್ಲ, ಅವನ್ನ ಅದು ಓದಂಗಿಲ್ಲ. ನಿನಗ ಹೆಂಗ ಗೊತ್ತಾಗತೈತಿ?"

"ಫ್ಯಾನ್ ಮೊದಲು ಜೋರು ತಿರಗತೈತ್ರಿ. ಆಮೇಲೆ ಉಸುರು ಬಿಟ್ಟಂಗ ಸಣ್ಣಗಾಗತೈತಿ. ಆವಾಗ ಸಾಲು ಬಂದಾವ ಅಂತ ಲೆಕ್ಕ."

ಇಷ್ಟು ಕಿವಿ ಇರುವವಳನ್ನು, ಏನು ಮಾಡಿದಾಗ ಹೀಗಾಗುತ್ತದೆ ಎಂದು ನಾವು ಕೇಳಿರಲಿಲ್ಲ. ಅಣ್ಣನ ಫೋಟೊ ನೋಡಿದೆವು, ಅಷ್ಟೇ.

ಅವರ ಮನೆ ಚಿಕ್ಕದು, ಚೊಕ್ಕ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸ್ಕ್ಯಾನರ್. ಗೌತಮಿಯ ತಾಯಿ ನನ್ನನ್ನು ನೋಡಿ, "ಅಯ್ಯ, ರಿಪೇರಿಯವರು ಮನಿಗೇ ಬಂದ್ರಾ!" ಎಂದು ಮಂಡಕ್ಕಿ ಮಿರ್ಚಿ ತಂದಿಟ್ಟರು. ಅಣ್ಣ ಆನಂದ ಕುರ್ಚಿ ಎಳೆದುಕೊಂಡು ಬಂದ. ಒಳ್ಳೆಯ ಹುಡುಗನೇ, ಶಾಲೆಯೊಂದರಲ್ಲಿ ಗುಮಾಸ್ತ.

"ನೋಡ್ರಿ ಅಮ್ಮಾರ, ನಾನು ಓದ್ತೀನಿ ಅಂದ್ರ ಕೇಳವಲ್ಲಳು. ಹಟ."

"ನೀ ಓದೋದು ಗೊತ್ತೈತಿ. ಕ್ರಿಕೆಟ್ ಇದ್ದ ದಿನ ಪಾಠನ ಮುಗೀತೈತಿ," ಎಂದಳು ತಂಗಿ.

ನಾನು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೆ. ಇಲ್ಲದಿದ್ದರೆ ಅವು ತಾವಾಗಿಯೇ ಬ್ಯಾಟರಿಯ ಕಡೆ ಹೋಗುತ್ತವೆ. "ದಿನಾ ಹೆಂಗ ಮಾಡ್ತಿಯೋ ಹಂಗ ಮಾಡು," ಎಂದೆ.

ಅವಳು ಆನ್ ಮಾಡಿದಳು. ಫ್ಯಾನ್ ಜೋರಾಯಿತು, ಉಸಿರು ಬಿಟ್ಟಿತು. ಕೆಳಗಿನ ಬಾಣದ ಕೀಲಿ ಒತ್ತಿ, ಲಿನಕ್ಸ್ ಆರಿಸಿದಳು. ತೆರೆ ಬೆಳಗಿತು. ಸದ್ದಿಲ್ಲ. ಗೌತಮಿ ತಲೆ ಒಂದು ಕಡೆ ವಾಲಿಸಿ ಕಾದಳು. ಅವಳ ಮುಖ ನೋಡುತ್ತಿದ್ದ ತಾಯಿ ಸೆರಗು ಬಾಯಿಗೆ ಹಿಡಿದರು. ಆನಂದನ ಕೈಯಿಂದ ಸದ್ದಿನ ಜಾಗ ತೆಗೆಸಿ ನೋಡಿದರೆ ಅದೇ 'ಡಮ್ಮಿ'. ಆ ಶಬ್ದದ ಆಕಾರ ನನಗೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು.

ನಿನ್ನೆ ನಮ್ಮ ಮೇಜಿನ ಮೇಲೆ ಮಾತಾಡಿದ್ದು ಇವತ್ತು ಇಲ್ಲಿ ಮೂಕ. ಎರಡರ ನಡುವೆ ನಡೆದದ್ದು ಏನು? ಕಚೇರಿಯಲ್ಲಿ ವಿಂಡೋಸ್ ಕಡೆ ಕೆಲಸ ಮಾಡಿದಳು, ಬಂದ್ ಮಾಡಿದಳು, ಬಸ್ ಹತ್ತಿದಳು. ಅಷ್ಟೇ. ಸರಿ, ನಮ್ಮ ಅಂಗಡಿಯಲ್ಲಿ ಮಾಡುವುದು ಏನು? ಡ್ರೈವರ್ ಹಾಕುತ್ತೇವೆ. ಅದಕ್ಕೆ ಮೊದಲು?

ಆಗ ಹೊಳೆಯಿತು. ಸೆರಗಿನಿಂದ ಕೈ ಹೊರಗೆ ತೆಗೆದೆ. ಬಂದ್ ಮಾಡಿಸಿ, ಬ್ಯಾಟರಿ ತೆಗೆದು, ಗುಂಡಿ ಒತ್ತಿ ಹಿಡಿದು, ಕರೆಂಟ್ ಇಳಿಸಿದೆ. ಬೇರೆ ಏನೂ ಮಾಡಲಿಲ್ಲ. ಬ್ಯಾಟರಿ ಹಾಕಿ ಅವಳ ಮುಂದೆ ಇಟ್ಟೆ. "ಈಗ ಒತ್ತು."

ಒತ್ತಿದಳು. ಸಾಸಿವೆ ಸಿಡಿಯಿತು.

ತಾಯಿ "ಅವ್ವಯ್ಯ!" ಎಂದರು. ಆನಂದ ಬಗ್ಗಿ ನೋಡಿ, "ಏನ್ ಹಾಕಿದ್ರಿ ಅಮ್ಮಾರ?" ಎಂದ.

"ಏನೂ ಹಾಕಿಲ್ಲ. ಅದ ಗೊತ್ತಾಗ್ಬೇಕಿತ್ತು."

ಇಮ್ತಿಯಾಜ್‌ಗೆ ಫೋನ್ ಹಚ್ಚಿಸಿ ಹೇಳಿದೆ.

"ಅಂದ್ರ ಡ್ರೈವರ್ ಹೋಗಿದ್ದಿಲ್ಲ?"

"ಎಂದೂ ಹೋಗಿದ್ದಿಲ್ಲ. ಇದು ಮೆಟ್ಲ ಹತ್ತಿದ ಕೂಡ್ಲೆ ನಾವು ಇಳಿಸಿ ಮುಟ್ಟಿ ರೋಗ ತೊಳದೀವಿ. ಆಮೇಲೆ ಔಷಧಿ ಕೊಟ್ಟು, ಔಷಧಿಯಿಂದ ವಾಸಿ ಆತು ಅಂತ ಕುಂತೀವಿ. ಈಗ ಹೇಳು, ವಿಂಡೋಸ್ ಬಂದ್ ಮಾಡಿದ ಮ್ಯಾಲೆ ಒಳಗ ಏನು ಉಳಿಯತೈತಿ?"

ಅವನಿಗೆ ಗೊತ್ತಿತ್ತು. ಕೇಳಿದ ಕೂಡಲೇ ಹೇಳಿದ. ಅದು ತಪ್ಪೇನಲ್ಲ, ಮುಂದಿನ ಸಲ ವಿಂಡೋಸ್ ಬೇಗ ಏಳಲಿ ಎಂದು ಮಾಡಿದ ಏರ್ಪಾಟು. ಬಂದ್ ಮಾಡಿದೆವು ಎಂದು ನಾವು ಅಂದುಕೊಳ್ಳುತ್ತೇವೆ, ವಿಂಡೋಸ್ ಪೂರ್ತಿ ಬಂದ್ ಆಗಿರುವುದಿಲ್ಲ. ಅಂಗಡಿಯ ಶಟರ್ ಎಳೆದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೇ ಮಲಗಿದ ಹಾಗೆ. ಸದ್ದಿನ ಚಿಪ್ಪನ್ನೂ ಮಲಗಿಸಿರುತ್ತದೆ. ಲಿನಕ್ಸ್ ಬಂದು ಬಾಗಿಲು ಬಡಿದರೆ ಚಿಪ್ ಏಳುವುದಿಲ್ಲ. ಎಲ್ಲ ಲ್ಯಾಪ್‌ಟಾಪಿನಲ್ಲೂ ಹೀಗಾಗುವುದಿಲ್ಲ, ಇದರಲ್ಲಿ ಆಗುತ್ತಿತ್ತು. ಬ್ಯಾಟರಿ ಕಿತ್ತು ಪೂರ್ತಿ ಇಳಿಸಿದರೆ ಮಾತ್ರ ಎದ್ದು ಕೂರುತ್ತಿತ್ತು.

"ವಿಂಡೋಸ್ ಒಳಗ ಒಂದು ಟಿಕ್ ತೆಗೀಬೇಕು ಅಮ್ಮೀ, ಅಷ್ಟ. ಆದ್ರ ನಿನಗ ಓದಾಕ ಬರಂಗಿಲ್ಲ..."

"ನಾನು ಓದಿ ಹೇಳ್ತೀನಿ," ಎಂದು ಆನಂದ ಮುಂದೆ ಬಂದ.

"ಬ್ಯಾಡಣ್ಣ," ಎಂದಳು ಗೌತಮಿ. "ನೀ ಹಾರಿಸ್ತಿ."

ಗೌತಮಿ ವಿಂಡೋಸ್ ಕಡೆ ಬಂದಳು, ಫೋನನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿ ಇಟ್ಟೆವು. ಇಮ್ತಿಯಾಜ್ ಅಲ್ಲಿಂದ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್ ಎಂದು ದಾರಿ ಹೇಳಿದ. ಯಂತ್ರ ತೆರೆ ಓದಿತು, ಗೌತಮಿ ಒತ್ತಿದಳು. ನಮಗೂ ತಿಳಿಯಲಿ ಎಂದು ಅವಳು ವೇಗ ಕಡಿಮೆ ಮಾಡಿದ್ದಳು. "ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್, ಚೆಕ್ ಬಾಕ್ಸ್, ಚೆಕ್ಡ್" ಎಂದಿತು.

"ಅದ! ಅದ!" ಎಂದು ಇಮ್ತಿಯಾಜ್ ಕೂಡ್ಲಿಗಿಯಲ್ಲಿ ಕೂತು ಕಿರುಚಿದ.

ಗೌತಮಿ ಉದ್ದನೆಯ ಕೀಲಿಯನ್ನು ಒಮ್ಮೆ ಒತ್ತಿದಳು. "ನಾಟ್ ಚೆಕ್ಡ್" ಎಂದಿತು. ಉಳಿಸಿ ಹೊರಬಂದಳು. ಕೊನೆಯ ಸಲ ಕರೆಂಟ್ ಇಳಿಸಿದೆ. ಆಮೇಲೆ ವಿಂಡೋಸಿಗೆ ಹೋಗಿ, ಒಂದು ಪತ್ರ ಟೈಪ್ ಮಾಡಿ, ಬಂದ್ ಮಾಡಿ, ಲಿನಕ್ಸಿಗೆ ಬಾ ಎಂದೆ. ಬ್ಯಾಟರಿಯನ್ನು ಯಾರೂ ಮುಟ್ಟಲಿಲ್ಲ. ಫ್ಯಾನ್ ಉಸಿರು ಬಿಟ್ಟಿತು, ಅವಳು ಬಾಣದ ಕೀಲಿ ಒತ್ತಿದಳು. ನಾನು ಮಿರ್ಚಿ ಅಗಿಯುವುದನ್ನೂ ನಿಲ್ಲಿಸಿದ್ದೆ.

ಮಾತಾಡಿತು.

"ಆತೇನವ್ವ?" ಎಂದೆ.

"ಹೇಳಂಗಿಲ್ರಿ," ಎಂದಳು ಗೌತಮಿ. "ಎರಡು ಸಲ ಆತು ಅಂದು ಕೆಟ್ಟೀನಿ. ನಾಳಿ ಕಚೇರಿ ಮುಗಿಸಿ ಬಂದು ಹೇಳ್ತೀನಿ."

ತಾಯಿ, "ಏ, ದೊಡ್ಡವರಿಗೆ ಹಂಗ ಅಂತಾರೇನು?" ಎಂದು ಗದರಿದರು. ನಾನು ತಡೆದೆ. ಅವಳು ಹೇಳಿದ್ದೇ ಸರಿ. ಆ ಹುಡುಗಿ ನಮ್ಮ ಅಂಗಡಿಯಲ್ಲಿ ಕೂತಿದ್ದರೆ ಒಳ್ಳೆಯ ಮೆಕ್ಯಾನಿಕ್ ಆಗುತ್ತಿದ್ದಳು.

ಮರುದಿನ ಸಂಜೆ ಅಂಗಡಿಯ ಫೋನ್ ಬಡಿದುಕೊಂಡಿತು. ಎತ್ತಿದರೆ ಗೌತಮಿಯ ದನಿ ಇಲ್ಲ. ಯಂತ್ರದ ದನಿ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ, ಕಚೇರಿಯ ಯಾವುದೋ ನಿಯಮ ಓದುತ್ತಿತ್ತು. ರಜೆ, ಭತ್ಯೆ, ಪ್ರಕರಣ ಎಂದೆಲ್ಲ. ನನಗೆ ಒಂದೂ ಅರ್ಥವಾಗಲಿಲ್ಲ, ಇಮ್ತಿಯಾಜ್‌ಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಪುಟ ಮುಗಿದ ಮೇಲೆ ಗೌತಮಿ ಬಂದಳು.

"ಕೇಳಿದ್ರೇನ್ರಿ ಅಮ್ಮಾರ? ನಮ್ಮಣ್ಣ ಹಾರಿಸ್ತಿದ್ನಲ್ಲ, ಆ ಪುಟ."

ಹಿಂದಿನಿಂದ ಆನಂದ, "ಒಂದ ಸಲ ಹಾರಿಸೀನಿ ಅಮ್ಮಾರ, ಒಂದ ಸಲ!" ಎಂದು ಕೂಗಿದ.

"ಆತ್ರಿ," ಎಂದಳು ಗೌತಮಿ.

ಖಾದರ್ ಸಾಬರು ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಅವರ ಕಾನೂನನ್ನು ನಾನು ತೆಗೆದುಹಾಕಿಲ್ಲ. ಅದರ ಮೊದಲಿಗೆ ಎರಡು ಮಾತು ಸೇರಿಸಿದ್ದೇನೆ: ಕೇಳಿ, ನೋಡಿ, ಇಳಿಸಿ ಮುಟ್ಟು. ಗಿರಾಕಿ ಮನೆಯಲ್ಲಿ ಹೇಗೆ ಮಾಡುತ್ತಾನೋ ಹಾಗೆಯೇ ನಮ್ಮ ಮುಂದೆ ಮಾಡಿ ತೋರಿಸಬೇಕು, ಅಲ್ಲಿಯ ತನಕ ನಮ್ಮ ಕೈ ಮೇಜಿನ ಕೆಳಗೆ. ನೀರು ಬಿದ್ದ ಸೆಟ್, ಹೊಗೆ ಬರುವ ಸೆಟ್ ಬಂದರೆ ಮಾತ್ರ ಮೊದಲು ಇಳಿಸಬೇಕು. ಅಷ್ಟು ಬುದ್ಧಿ ನಿಮಗೂ ಇರುತ್ತದೆ. ಅವರು ಇದ್ದಿದ್ದರೆ 'ನನ್ನ ಕಾನೂನು ತಿದ್ದಿದೆಯಾ' ಎಂದು ಬೈಯುತ್ತಿದ್ದರು. ಆಮೇಲೆ ಒಬ್ಬರೇ ಇದ್ದಾಗ ಅದನ್ನೇ ಮಾಡುತ್ತಿದ್ದರು. ನನಗೆ ಗೊತ್ತು.

ಕೆಲವು ತಿಂಗಳ ಮೇಲೆ ಗೌತಮಿ ಅಂಗಡಿಗೆ ಬಂದಳು. ಪಾಸಾಗಿ, ಕೆಲಸ ಕಾಯಂ ಆಗಿ, ಹರಪನಹಳ್ಳಿಗೆ ಹಾಕಿದ್ದರು. ಚೀಲದಿಂದ ಹೊಸ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟು, "ಇದರಾಗೂ ಎರಡೂ ಹಾಕಿ ಕೊಡ್ರಿ. ಸಾಲು ಬಂದಾಗ ಕುಂಯ್ ಅನ್ನಂಗ ಒಂದು ಸದ್ದೂ ಇಡ್ರಿ, ಇದರ ಫ್ಯಾನ್ ಉಸುರ ಬಿಡಂಗಿಲ್ಲ," ಎಂದಳು.

ಇಮ್ತಿಯಾಜ್ ನಗುತ್ತಾ ಅದನ್ನು ಬೋರಲು ಹಾಕಿ ಸ್ಕ್ರೂಡ್ರೈವರಿಗೆ ಕೈ ಚಾಚಿದ. ನಾನು ಕೂತಲ್ಲಿಂದಲೇ ಅವನ ಕೈಗೆ ಒಂದು ಏಟು ಹಾಕಿದೆ.

"ಕೈ ತಗಿಯಲೇ," ಎಂದೆ. "ಮೊದಲು ಆಕಿ ಒತ್ತಲಿ."